ಕೈಗಾರಿಕಾ ನಿಯಂತ್ರಣ ವ್ಯವಸ್ಥೆಗಳ ಭದ್ರತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುವವರು, ಇನ್‌ಸ್ಟ್ರುಮೆಂಟೇಶನ್ ವಿಭಾಗದ ತಂತ್ರಜ್ಞರು, ಸ್ಥಾವರದ ನೆಟ್‌ವರ್ಕ್‌ನ ಹೊಣೆಯನ್ನು ಹೊಸದಾಗಿ ಹೊತ್ತ ಐಟಿ ಸಿಬ್ಬಂದಿ ಪತ್ರಗಳಲ್ಲಿಯೂ ಮಾತುಕತೆಯಲ್ಲಿಯೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲಿಗೆ ತಿಳಿದಿರಬೇಕಾದವು

ಪಿಎಲ್‌ಸಿ, ಸ್ಕಾಡಾ, ಡಿಸಿಎಸ್ ಎಲ್ಲವೂ ಒಂದೇನಾ? ಕೈಗಾರಿಕಾ ನಿಯಂತ್ರಣ ವ್ಯವಸ್ಥೆ ಅಂದರೆ ಯಾವುದು?

ಒತ್ತಡ, ಉಷ್ಣತೆ, ಹರಿವು, ವೇಗಗಳನ್ನು ಅಳೆದು, ಆ ಅಳತೆಗೆ ತಕ್ಕಂತೆ ವಾಲ್ವ್, ಮೋಟಾರು, ವಿದ್ಯುತ್ ಕಡಿದು ಸೇರಿಸುವ ಬ್ರೇಕರುಗಳನ್ನು ನಡೆಸುವ ಎಲ್ಲ ಸಾಧನಗಳಿಗೂ ಸೇರಿ ಕೈಗಾರಿಕಾ ನಿಯಂತ್ರಣ ವ್ಯವಸ್ಥೆ ಎನ್ನುತ್ತಾರೆ. ಪಿಎಲ್‌ಸಿ ಎಂಬ ಪುಟ್ಟ ಕಂಟ್ರೋಲರು ಯಂತ್ರದ ಪಕ್ಕದಲ್ಲೇ ಇದ್ದು, ಸೆನ್ಸರುಗಳನ್ನು ಓದಿ, ಲ್ಯಾಡರ್ ಲಾಜಿಕ್ ಎಂಬ ಬಗೆಯಲ್ಲಿ ಬರೆದ ಪ್ರೋಗ್ರಾಮ್ ಓಡಿಸಿ, ಔಟ್‌ಪುಟ್ ಬದಲಿಸುವ ಕೆಲಸವನ್ನು ಕೆಲವು ಮಿಲಿಸೆಕೆಂಡುಗಳಿಗೊಮ್ಮೆ ಮಾಡುತ್ತಲೇ ಇರುತ್ತದೆ. ಒಂದೇ ಆವರಣದ ದೊಡ್ಡ ಪ್ರಕ್ರಿಯೆಗೆ, ಉದಾಹರಣೆಗೆ ರಿಫೈನರಿಗೆ, ಹಲವು ಕಂಟ್ರೋಲರುಗಳನ್ನು ಒಂದಾಗಿ ಹೆಣೆದ ಡಿಸಿಎಸ್ ಬಳಸುತ್ತಾರೆ. ಪೈಪ್‌ಲೈನ್, ವಿದ್ಯುತ್ ಜಾಲ, ನೀರು ಸರಬರಾಜಿನಂತೆ ದೂರದೂರಕ್ಕೆ ಹರಡಿದ ವ್ಯವಸ್ಥೆಯನ್ನು ಒಂದೆಡೆ ಕುಳಿತು ನೋಡಿಕೊಳ್ಳಲು ಸ್ಕಾಡಾ ಬೇಕಾಗುತ್ತದೆ. ಇವೆಲ್ಲದರ ನಡುವೆ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಾಧನವಿದೆ: ಪಿಎಲ್‌ಸಿಗೆ ಪ್ರೋಗ್ರಾಮ್ ಇಳಿಸುವ ಇಂಜಿನಿಯರಿಂಗ್ ವರ್ಕ್‌ಸ್ಟೇಷನ್. ಅದು ಕೈವಶವಾದವನಿಗೆ ಬೇರೆ ಯಾವ ದೌರ್ಬಲ್ಯವನ್ನೂ ಹುಡುಕುವ ಅಗತ್ಯವೇ ಉಳಿಯುವುದಿಲ್ಲ.

ಆಫೀಸಿನ ಕಂಪ್ಯೂಟರುಗಳಿಗೆ ಹಾಕಿರುವ ಭದ್ರತೆಯನ್ನೇ ಇಲ್ಲಿಗೂ ಹಾಕಿದರೆ ಸಾಲದೇ?

ಕೆಲವು ಕ್ರಮಗಳು ಹೊಂದುತ್ತವೆ, ಕೆಲವು ಕೆಡುಕನ್ನೇ ಮಾಡುತ್ತವೆ. ಕಚೇರಿಯಲ್ಲಿ ಮೂರು ಬಾರಿ ತಪ್ಪು ಪಾಸ್‌ವರ್ಡ್ ಒತ್ತಿದವರ ಖಾತೆ ಬಂದ್ ಆಗುವುದು ಒಳ್ಳೆಯ ನಿಯಮವೇ; ಆದರೆ ಅಲಾರಂ ಮೇಲೆ ಅಲಾರಂ ಬಡಿಯುತ್ತಿರುವಾಗ ಆಪರೇಟರನ ಪರದೆ ಹಾಗೆ ಬಂದ್ ಆದರೆ ಅದೇ ಒಂದು ಅಪಘಾತಕ್ಕೆ ದಾರಿಯಾದೀತು. ಕಚೇರಿಯ ಕಂಪ್ಯೂಟರನ್ನು ನಾಲ್ಕೈದು ವರ್ಷಕ್ಕೆ ಬದಲಿಸುತ್ತಾರೆ, ಕಂಟ್ರೋಲರು ಇಪ್ಪತ್ತು ವರ್ಷ ದುಡಿದರೂ ಅಚ್ಚರಿಯಿಲ್ಲ. ಹಾಗಾಗಿಯೇ 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ವಿಂಡೋಸ್ ಎಕ್ಸ್‌ಪಿಯನ್ನು ಸ್ಥಾವರಗಳಲ್ಲಿ ಇಂದಿಗೂ ಕಾಣಬಹುದು.

ಇನ್ನೂ ದೊಡ್ಡ ವ್ಯತ್ಯಾಸ ಪರಿಣಾಮದಲ್ಲಿದೆ. 2007ರಲ್ಲಿ ಅಮೆರಿಕದ ಐಡಾಹೋ ರಾಷ್ಟ್ರೀಯ ಪ್ರಯೋಗಾಲಯವು ನಡೆಸಿದ ಅರೋರಾ ಪರೀಕ್ಷೆಯಲ್ಲಿ 2.25 ಮೆಗಾವಾಟ್‌ನ ಡೀಸೆಲ್ ಜನರೇಟರೊಂದರ ಬ್ರೇಕರನ್ನು ಜಾಲದ ಲಯ ತಪ್ಪುವಂಥ ಗಳಿಗೆಯಲ್ಲಿ ತೆರೆದು ಮುಚ್ಚಿಸಲಾಯಿತು. ಯಂತ್ರ ನಡುಗಿ, ಬಿಡಿಭಾಗಗಳು ಸಿಡಿದು, ಹೊಗೆಯುಗುಳಿ ಹಾಳಾಯಿತು. ಅಲ್ಲಿ ಯಾವ ದತ್ತಾಂಶವೂ ಕಳವಾಗಲಿಲ್ಲ, ಯಾವ ಕಡತವೂ ಅಳಿಯಲಿಲ್ಲ.

ನಮ್ಮ ಕಂಟ್ರೋಲ್ ನೆಟ್‌ವರ್ಕ್ ಇಂಟರ್ನೆಟ್‌ಗೆ ಸೇರಿಯೇ ಇಲ್ಲ. ಹಾಗಿದ್ದ ಮೇಲೆ ಒಳಗೆ ಯಾರು ಬರುತ್ತಾರೆ?

ಈ ಮಾತನ್ನು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಡ್ರಾಯಿಂಗ್‌ನಲ್ಲಿರುವುದನ್ನು ಹೇಳುತ್ತಿರುತ್ತಾರೆ. ಡ್ರಾಯಿಂಗ್ ಬರೆದ ಮೇಲೆ ವೆಂಡರ್ ತಂದಿಟ್ಟ ಸಿಮ್ ಹಾಕಿದ ರೂಟರು, ಉತ್ಪಾದನಾ ವರದಿಗೆಂದು ಎರಡು ನೆಟ್‌ವರ್ಕ್ ಕಾರ್ಡ್ ಹಾಕಿಸಿಕೊಂಡ ಕಂಪ್ಯೂಟರು, ಪ್ರೋಗ್ರಾಮ್ ತಿದ್ದಲು ದಿನವೂ ಒಳಹೊರಗೆ ಓಡಾಡುವ ಲ್ಯಾಪ್‌ಟಾಪ್ ಅದರಲ್ಲಿ ಇರುವುದಿಲ್ಲ.

2003ರ ಜನವರಿಯಲ್ಲಿ ಸ್ಲ್ಯಾಮರ್ ಎಂಬ, ತಾನಾಗಿ ಹರಡುವ ಕಂಪ್ಯೂಟರ್ ಹುಳು ಅಮೆರಿಕದ ಡೇವಿಸ್-ಬೆಸ್ಸೆ ಅಣು ವಿದ್ಯುತ್ ಸ್ಥಾವರದೊಳಕ್ಕೆ ಹೊಕ್ಕಿದ್ದು ಇಂಥದೇ ದಾರಿಯಿಂದ: ಗುತ್ತಿಗೆದಾರರೊಬ್ಬರ ನೆಟ್‌ವರ್ಕ್‌ನಿಂದ ಬಂದಿದ್ದ ಸಂಪರ್ಕವೊಂದು ಫೈರ್‌ವಾಲನ್ನು ಹಾದು ಹೋಗದೆ ನೇರವಾಗಿ ಒಳಗೆ ಸೇರಿತ್ತು. ಸುರಕ್ಷತಾ ಮಾಹಿತಿ ತೋರಿಸುವ ಪರದೆಯ ವ್ಯವಸ್ಥೆ ಸುಮಾರು ಐದು ಗಂಟೆ ಕೆಲಸ ಮಾಡಲಿಲ್ಲ. ರಿಯಾಕ್ಟರು ಆಗ ನಿಂತಿದ್ದುದರಿಂದ ಅನಾಹುತವಾಗಲಿಲ್ಲ. 2010ರಲ್ಲಿ ಬೆಳಕಿಗೆ ಬಂದ ದಾಳಿ ತಂತ್ರಾಂಶ ಸ್ಟಕ್ಸ್‌ನೆಟ್ ಇರಾನಿನ ನತಾಂಜ್‌ನ ಯುರೇನಿಯಂ ಸಂವರ್ಧಿಸುವ ಸೆಂಟ್ರಿಫ್ಯೂಜ್‌ಗಳನ್ನು ಗುರಿಯಾಗಿಸಿಕೊಂಡಿತ್ತು, ಹರಡಲು ಅದು ಯುಎಸ್‌ಬಿ ಡ್ರೈವನ್ನೇ ನೆಚ್ಚಿತ್ತು. ಆದ್ದರಿಂದ ‘ಸಂಪರ್ಕವಿಲ್ಲ’ ಎಂಬುದನ್ನು ಒಂದು ನಂಬಿಕೆಯಾಗಿ ಇಟ್ಟುಕೊಳ್ಳದೆ, ಪ್ಯಾನೆಲ್‌ಗಳ ಬಾಗಿಲು ತೆರೆದು ಪ್ರತಿ ಕೇಬಲ್‌ನ ಇನ್ನೊಂದು ತುದಿ ಎಲ್ಲಿದೆಯೆಂದು ವರ್ಷಕ್ಕೊಮ್ಮೆಯಾದರೂ ನಡೆದು ನೋಡಬೇಕು.

ನಮ್ಮದು ಸಣ್ಣ ಘಟಕ. ನಮ್ಮ ಮೇಲೆ ಯಾರಿಗೆ ಕಣ್ಣು?

ನಿಮ್ಮ ಮೇಲೆ ಇಲ್ಲದಿರಬಹುದು, ನಿಮ್ಮಲ್ಲಿರುವ ಉಪಕರಣದ ಮೇಲೆ ಇದ್ದೀತು. 2023ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪ ಎಂಬ ಸಣ್ಣ ಊರಿನ ನೀರು ಸರಬರಾಜು ಸಂಸ್ಥೆಯ ಪಂಪಿಂಗ್ ಕೇಂದ್ರದಲ್ಲಿ ಯೂನಿಟ್ರಾನಿಕ್ಸ್ ಪಿಎಲ್‌ಸಿಯ ಪರದೆಯನ್ನು ದಾಳಿಕೋರರು ಕೆಡಿಸಿದರು. ಆ ಕಂಪನಿ ಇಸ್ರೇಲಿನದೆಂಬುದೇ ಅವರಿಗಿದ್ದ ಕಾರಣ. ಊರಿನ ಹೆಸರು ಅವರಿಗೆ ಮುಖ್ಯವೇ ಆಗಿರಲಿಲ್ಲ. ಅದೇ ಬ್ರಾಂಡಿನ ಇತರ ಬಳಕೆದಾರರಿಗೂ ಇದೇ ಕಾಟ ತಗುಲಿತು. ಈ ಸಾಧನಗಳು ಇಂಟರ್ನೆಟ್‌ಗೆ ನೇರವಾಗಿ ತೆರೆದುಕೊಂಡಿದ್ದವು, ಮೂಲ ಪಾಸ್‌ವರ್ಡ್ 1111. ಇಂಟರ್ನೆಟ್‌ಗೆ ತೆರೆದುಕೊಂಡ ಸಾಧನಗಳನ್ನು ಪಟ್ಟಿಮಾಡುವ ಶೋಡಾನ್‌ನಂಥ ಹುಡುಕುತಾಣ 2009ರಿಂದಲೇ ಇರುವಾಗ, ಸಣ್ಣವರೆಂಬ ಕಾರಣಕ್ಕೆ ಮರೆಯಲ್ಲಿ ಉಳಿಯಲು ಸಾಧ್ಯವಿಲ್ಲ.

## ದೌರ್ಬಲ್ಯಗಳ ಸ್ವರೂಪ

ದೌರ್ಬಲ್ಯ ಅಂದರೆ ಸಾಫ್ಟ್‌ವೇರಿನ ತಪ್ಪು ತಾನೇ? ತಯಾರಕರು ಸರಿಪಡಿಸಿಕೊಟ್ಟರೆ ಮುಗಿಯಿತಲ್ಲ?

ಈ ಕ್ಷೇತ್ರದಲ್ಲಿ ಹೆಚ್ಚಿನ ತೊಂದರೆ ಕೊಡುವುದು ಬರೆಯುವಾಗ ಆದ ತಪ್ಪುಗಳಲ್ಲ. ಉದ್ದೇಶಪೂರ್ವಕವಾಗಿಯೇ ಹಾಗೆ ಕಟ್ಟಿದ ವಿನ್ಯಾಸ. ಮಾಡಿಕಾನ್ ಕಂಪನಿ 1979ರಲ್ಲಿ ರೂಪಿಸಿದ ಮಾಡ್‌ಬಸ್ ಎಂಬ ಪ್ರೋಟೋಕಾಲನ್ನೇ (ಸಾಧನಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ನಿಯಮ) ನೋಡಿ. ಇಂದು ಅದು ಟಿಸಿಪಿ 502ನೇ ಪೋರ್ಟಿನಲ್ಲಿ ಓಡುತ್ತದೆ. ಕಂಟ್ರೋಲರಿನ ರಿಜಿಸ್ಟರೊಂದಕ್ಕೆ (ಅಂಕಿಯೊಂದನ್ನು ಇಟ್ಟುಕೊಳ್ಳುವ ಜಾಗಕ್ಕೆ) ಹೊಸ ಬೆಲೆ ಬರೆಯುವ ಆದೇಶ ಒಟ್ಟು 12 ಬೈಟ್: ವ್ಯವಹಾರದ ಸಂಖ್ಯೆಗೆ ಎರಡು, ಪ್ರೋಟೋಕಾಲ್ ಗುರುತಿಗೆ ಎರಡು, ಉದ್ದಕ್ಕೆ ಎರಡು, ಸಾಧನದ ಸಂಖ್ಯೆಗೆ ಒಂದು, ‘ಬರೆ’ ಎಂಬ ಅರ್ಥದ 6 ಎಂಬ ಸಂಕೇತಕ್ಕೆ ಒಂದು, ರಿಜಿಸ್ಟರಿನ ವಿಳಾಸಕ್ಕೆ ಎರಡು, ಬರೆಯಬೇಕಾದ ಬೆಲೆಗೆ ಎರಡು. ಕಳುಹಿಸುತ್ತಿರುವವರು ಯಾರು ಎಂದು ಕೇಳುವ ಜಾಗ ಇದರಲ್ಲಿ ಎಲ್ಲಿಯೂ ಇಲ್ಲ. ಉಷ್ಣತೆಯ ಸೆಟ್‌ಪಾಯಿಂಟ್ (ಕಾಯ್ದುಕೊಳ್ಳಬೇಕಾದ ಮಟ್ಟ) ಯಾವ ರಿಜಿಸ್ಟರಿನಲ್ಲಿದೆ ಎಂದು ತಿಳಿದಿರುವ, ಆ ಕಂಟ್ರೋಲರನ್ನು ತಲುಪಬಲ್ಲ ಯಾರೇ ಆದರೂ ಅದನ್ನು ಬದಲಿಸಬಹುದು. ಕಂಟ್ರೋಲರು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು ಎಂದಾಗುತ್ತದೆ, ತಿದ್ದಲು ಯಾವ ದೋಷವೂ ಸಿಗುವುದಿಲ್ಲ.

ಇದು ಪುಸ್ತಕದ ಮಾತಲ್ಲ. 2024ರ ಜನವರಿಯ ಕೊರೆಯುವ ಚಳಿಯಲ್ಲಿ ಉಕ್ರೇನಿನ ಲ್ವಿವ್ ನಗರದ 600ಕ್ಕೂ ಹೆಚ್ಚು ವಸತಿ ಕಟ್ಟಡಗಳಿಗೆ ಸುಮಾರು ಎರಡು ದಿನ ಶಾಖ ಸರಬರಾಜು ಕೆಟ್ಟಿತು. ಅದಕ್ಕೆ ಕಾರಣವಾದ, ಫ್ರಾಸ್ಟಿಗೂಪ್ ಎಂದು ಹೆಸರಾದ ದಾಳಿ ತಂತ್ರಾಂಶ ಬಳಸಿದ್ದು ಇದೇ ಮಾಡ್‌ಬಸ್ ಆದೇಶಗಳನ್ನು.

ಬರವಣಿಗೆಯ ತಪ್ಪುಗಳೂ ಇಲ್ಲದಿಲ್ಲ. 2019ರಲ್ಲಿ ವಿಎಕ್ಸ್‌ವರ್ಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ನೆಟ್‌ವರ್ಕ್ ಭಾಗದಲ್ಲಿ ಕಂಡ 11 ದೋಷಗಳು ಹಲವು ಕಂಪನಿಗಳ ಕಂಟ್ರೋಲರುಗಳಿಗೆ ಒಟ್ಟಿಗೇ ತಟ್ಟಿದವು. ಮೂರನೆಯ ಬಗೆಯದು ನಮ್ಮದೇ ಕೈಯ ಕೆಲಸ: ಬದಲಿಸದ ಪಾಸ್‌ವರ್ಡ್, ಎಲ್ಲರಿಗೂ ಒಂದೇ ಲಾಗಿನ್, ಬಳಸದಿದ್ದರೂ ತೆರೆದಿಟ್ಟ ವೆಬ್ ಪುಟ.

ಪ್ಯಾಚ್ (ದೋಷ ತಿದ್ದುವ ತಂತ್ರಾಂಶ) ಬಂದಿದೆ, ಆದರೆ ಪ್ಲಾಂಟ್ ನಿಲ್ಲಿಸಲು ಆಗುವುದಿಲ್ಲ. ಏನು ಮಾಡಲಿ?

ಮುಂದಿನ ಶಟ್‌ಡೌನ್‌ವರೆಗೆ ಕಾಯುವುದು ತಪ್ಪೇನಲ್ಲ, ಕೈಕಟ್ಟಿ ಕಾಯುವುದು ತಪ್ಪು. ಪ್ಯಾಚ್ ಮುಚ್ಚುವ ದಾರಿಯನ್ನು ಬೇರೆ ಯಾವ ಬಗೆಯಲ್ಲಿ ಮುಚ್ಚಬಹುದು ಎಂದು ಮೊದಲು ನೋಡಬೇಕು: ಆ ಪೋರ್ಟಿಗೆ ಫೈರ್‌ವಾಲಿನಲ್ಲಿ ತಡೆ ಹಾಕಬಹುದೇ, ಆ ಸೇವೆಯನ್ನೇ ನಿಲ್ಲಿಸಬಹುದೇ, ಆ ಸಾಧನದೊಂದಿಗೆ ಮಾತಾಡಬೇಕಾದ ಎರಡು ಮೂರು ಯಂತ್ರಗಳ ಹೊರತು ಉಳಿದವನ್ನು ದೂರವಿಡಬಹುದೇ? 2021ರಲ್ಲಿ ರಾಕ್‌ವೆಲ್ ಕಂಪನಿಯ ಲಾಜಿಕ್ಸ್ ಕಂಟ್ರೋಲರುಗಳ ಗುಪ್ತ ಕೀಲಿ ಹೊರತೆಗೆಯಬಹುದೆಂಬ ದೌರ್ಬಲ್ಯ ಪ್ರಕಟವಾದಾಗ ಅದಕ್ಕೆ ಪೂರ್ಣ 10 ಅಂಕದ ತೀವ್ರತೆ ಸಿಕ್ಕಿತು. ಕಂಪನಿ ಕೊಟ್ಟ ಸಲಹೆಗಳಲ್ಲಿ ಕಂಟ್ರೋಲರಿನ ಮುಖದ ಮೇಲಿರುವ ಸ್ವಿಚ್ಚನ್ನು ‘ರನ್’ ಸ್ಥಾನದಲ್ಲಿಡಿ ಎಂಬುದೂ ಒಂದು. ಕಾಸು ಖರ್ಚಿಲ್ಲದ ಇಂಥ ಕ್ರಮಗಳನ್ನೇ ಸ್ಥಾವರಗಳು ಹೆಚ್ಚಾಗಿ ಕಡೆಗಣಿಸುತ್ತವೆ.

ಶಟ್‌ಡೌನ್ ಬಂದಾಗಲೂ ತಯಾರಕರು ಪರೀಕ್ಷಿಸಿ ಒಪ್ಪಿದ ಪ್ಯಾಚನ್ನೇ ಹಾಕಬೇಕು. ಹಾಕುವ ಮುನ್ನ ಬ್ಯಾಕಪ್ ಕೈಯಲ್ಲಿರಬೇಕು, ಸಾಧ್ಯವಾದರೆ ಸ್ಪೇರ್ ಸಾಧನದ ಮೇಲೆ ಮೊದಲು ಹಾಕಿ ನೋಡಬೇಕು.

ತೀವ್ರತೆಯ ಅಂಕ 9.8 ಎಂದು ಎಚ್ಚರಿಕೆ ಬಂದಿದೆ. ಗಾಬರಿಯಾಗಬೇಕೇ?

ಅಂಕವು ದೋಷದ ಬಗ್ಗೆ ಹೇಳುತ್ತದೆ, ನಿಮ್ಮ ಪ್ರಕ್ರಿಯೆಯ ಬಗ್ಗೆ ಹೇಳುವುದಿಲ್ಲ. ಮೂರು ಬೇಲಿಯಾಚೆ ಇರುವ, ಬೆಳಕು ಮಾತ್ರ ನಿಯಂತ್ರಿಸುವ ಸಾಧನದಲ್ಲಿರುವ 9.8ಕ್ಕಿಂತ, ಬಾಯ್ಲರಿನ ಕಂಟ್ರೋಲರನ್ನು ನೇರವಾಗಿ ತಲುಪುವ, ಆಪರೇಟರನ ಪರದೆಯಾದ ಎಚ್‌ಎಂಐಯಲ್ಲಿರುವ 6.5 ನಿಮಗೆ ಹೆಚ್ಚು ಅಪಾಯಕಾರಿ. ಹಾಗೆಯೇ ದೃಢೀಕರಣವೇ (ಕಳುಹಿಸಿದವರು ಯಾರೆಂಬ ಪರೀಕ್ಷೆಯೇ) ಇಲ್ಲದ ಪ್ರೋಟೋಕಾಲ್ ಬಳಸುವ ಸಾಧನದಲ್ಲಿ ‘ದೃಢೀಕರಣ ತಪ್ಪಿಸುವ’ ಹೊಸ ದೋಷವೊಂದನ್ನು ತಿದ್ದಿದರೆ ಆಗುವ ಲಾಭ ಅತ್ಯಲ್ಪ. ಎರಡೇ ಪ್ರಶ್ನೆ ಕೇಳಿಕೊಳ್ಳಿ: ಈ ಸಾಧನವನ್ನು ಎಲ್ಲೆಲ್ಲಿಂದ ತಲುಪಬಹುದು, ತಲುಪಿದವನು ಪ್ರಕ್ರಿಯೆಗೆ ಏನು ಮಾಡಬಲ್ಲ?

## ಅಪಾಯ ತಗ್ಗಿಸುವ ಕೆಲಸ

ಬಜೆಟ್ ಕಡಿಮೆ, ಜನ ಇಬ್ಬರೇ. ಎಲ್ಲಿಂದ ಶುರು ಮಾಡಲಿ?

ಉಪಕರಣ ಕೊಳ್ಳುವುದರಿಂದಂತೂ ಬೇಡ. ಮೊದಲು ಏನೇನಿದೆ ಎಂಬ ಪಟ್ಟಿ: ಪ್ರತಿ ಕಂಟ್ರೋಲರು, ಅದರ ಮಾದರಿ, ಫರ್ಮ್‌ವೇರ್ ಆವೃತ್ತಿ, ವಿಳಾಸ, ಅದು ನಡೆಸುವ ಯಂತ್ರ, ಅದರ ಪ್ರೋಗ್ರಾಮಿನ ಪ್ರತಿ ಯಾರ ಬಳಿ ಇದೆ. ಈ ಕೊನೆಯ ಕಾಲಂ ತುಂಬುವಾಗಲೇ ಹಲವರಿಗೆ ನಿಜ ಪರಿಸ್ಥಿತಿ ಅರಿವಾಗುತ್ತದೆ, ಏಕೆಂದರೆ ಓಡುತ್ತಿರುವ ಲಾಜಿಕ್‌ಗೂ ಲ್ಯಾಪ್‌ಟಾಪಿನಲ್ಲಿರುವ ಪ್ರತಿಗೂ ತಾಳೆಯಾಗದಿರುವುದು ಸಾಮಾನ್ಯ. ಅನಂತರ ಇಂಟರ್ನೆಟ್‌ಗೆ ನೇರವಾಗಿ ತೆರೆದಿರುವ ಯಾವುದನ್ನಾದರೂ ಅಂದೇ ಮುಚ್ಚಿ. ಬಳಿಕ ಪಿಎಲ್‌ಸಿ ಪ್ರೋಗ್ರಾಮ್, ಎಚ್‌ಎಂಐ ಪ್ರಾಜೆಕ್ಟ್, ನೆಟ್‌ವರ್ಕ್ ಸ್ವಿಚ್ಚುಗಳ ಕಾನ್ಫಿಗರೇಶನ್, ಲೈಸೆನ್ಸ್ ಕೀಲಿಗಳ ಬ್ಯಾಕಪ್ ತೆಗೆದು ನೆಟ್‌ವರ್ಕ್‌ನಿಂದ ಹೊರಗಿಡಿ. ವರ್ಷಕ್ಕೊಮ್ಮೆ ಒಂದು ಸ್ಪೇರ್ ಕಂಟ್ರೋಲರಿಗೆ ಅದನ್ನು ತುಂಬಿ ನೋಡಿ. ಪಾಸ್‌ವರ್ಡ್ ಬದಲಾವಣೆ ಇವುಗಳ ಜೊತೆಜೊತೆಗೇ ಆಗಬಹುದು.

ವೆಂಡರ್‌ಗೆ ರಿಮೋಟ್ ಸಂಪರ್ಕ ಕೊಡಲೇಬೇಕು. ಆ ದಾರಿ ಮುಚ್ಚಿದರೆ ನಮ್ಮ ಕೆಲಸ ನಿಲ್ಲುತ್ತದಲ್ಲ?

ಮುಚ್ಚಬೇಕಾಗಿಲ್ಲ, ಬಾಗಿಲು ಹಾಕಿಟ್ಟುಕೊಂಡು ಬೇಕಾದಾಗ ತೆರೆಯಬೇಕು. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ವಿತರಣಾ ಕಂಪನಿಗಳಲ್ಲಿ ಆಪರೇಟರುಗಳ ಕಣ್ಣೆದುರೇ ಮೌಸಿನ ಬಾಣ ತಾನಾಗಿ ಚಲಿಸಿ ಬ್ರೇಕರುಗಳನ್ನು ತೆರೆಯತೊಡಗಿತು. ಸುಮಾರು 2,25,000 ಗ್ರಾಹಕರಿಗೆ ವಿದ್ಯುತ್ ಹೋಯಿತು. ದಾಳಿಕೋರರು ತಿಂಗಳುಗಳ ಹಿಂದೆಯೇ ಇಮೇಲ್ ಮೂಲಕ ಕಚೇರಿ ಜಾಲಕ್ಕೆ ಹೊಕ್ಕು, ಸಿಬ್ಬಂದಿಯ ಪಾಸ್‌ವರ್ಡ್ ಕದ್ದು, ಎರಡನೇ ಹಂತದ ದೃಢೀಕರಣವಿಲ್ಲದ ವಿಪಿಎನ್ ದಾರಿಯಲ್ಲಿ ಒಳಬಂದಿದ್ದರು. ಹೋಗುವಾಗ ಸಬ್‌ಸ್ಟೇಷನ್‌ಗಳ ಸೀರಿಯಲ್-ಈಥರ್ನೆಟ್ ಪರಿವರ್ತಕಗಳ ಫರ್ಮ್‌ವೇರ್ ಕೆಡಿಸಿ, ದೂರದಿಂದ ಬ್ರೇಕರ್ ಮುಚ್ಚಲು ಬಾರದಂತೆ ಮಾಡಿದರು. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದ್ದರಿಂದ ಕೆಲವೇ ಗಂಟೆಗಳಲ್ಲಿ ವಿದ್ಯುತ್ ಮರಳಿತು.

ಇದರಿಂದ ಹೊರಡುವ ನಿಯಮಗಳು ಸರಳ. ರಿಮೋಟ್ ಬಳಕೆದಾರ ನೇರವಾಗಿ ಕಂಟ್ರೋಲ್ ನೆಟ್‌ವರ್ಕ್‌ಗೆ ಬರಬಾರದು. ನಡುವಿನ ಜಂಪ್ ಸರ್ವರಿಗೆ ಬಂದು, ಅಲ್ಲಿಂದ ನಿಗದಿಯಾದ ಒಂದು ಸಾಧನವನ್ನಷ್ಟೇ ಮುಟ್ಟಬೇಕು. ವ್ಯಕ್ತಿಗೊಂದು ಖಾತೆ ಇರಲಿ, ಕಂಪನಿಗೊಂದು ಬೇಡ. ಎರಡನೇ ಹಂತದ ದೃಢೀಕರಣ ಕಡ್ಡಾಯ. ಶಿಫ್ಟ್ ಇನ್‌ಚಾರ್ಜ್ ವರ್ಕ್ ಪರ್ಮಿಟ್ ಕೊಟ್ಟ ಮೇಲೆ ಸಂಪರ್ಕ ತೆರೆಯಲಿ, ಅವಧಿ ಮುಗಿದೊಡನೆ ತಾನಾಗಿ ಕಡಿಯಲಿ.

ನೆಟ್‌ವರ್ಕ್ ಬೇರ್ಪಡಿಸಬೇಕು ಅನ್ನುತ್ತಾರೆ. ವಿಲ್ಯಾನ್ (ಒಂದೇ ಸ್ವಿಚ್ಚಿನಲ್ಲಿ ಬೇರೆಬೇರೆ ಜಾಲ) ಮಾಡಿದರೆ ಸಾಕೇ?

ವಿಲ್ಯಾನ್‌ಗಳ ನಡುವೆ ಯಾವ ತಡೆಯೂ ಇಲ್ಲದೆ ರೂಟಿಂಗ್ ನಡೆಯುತ್ತಿದ್ದರೆ ಅದು ಅಚ್ಚುಕಟ್ಟು ಮಾತ್ರ, ಭದ್ರತೆಯಲ್ಲ. ಐಇಸಿ 62443 ಮಾನದಂಡ ಹೇಳುವ ಪ್ರಕಾರ ಒಂದೇ ಮಟ್ಟದ ಭದ್ರತೆ ಬೇಕಾದ ಸಾಧನಗಳನ್ನು ಒಂದು ವಲಯವಾಗಿ ಗುರುತಿಸಿ, ವಲಯಗಳ ನಡುವಿನ ಸಂವಹನವನ್ನು ನಿಗದಿತ ದಾರಿಗಳಿಗೆ ಸೀಮಿತಗೊಳಿಸಿ, ಆ ದಾರಿಯಲ್ಲಿ ಏನು ಹೋಗಬಹುದೆಂದು ಬರೆದಿಡಬೇಕು, ಉಳಿದದ್ದೆಲ್ಲ ತಡೆಯಲ್ಪಡಬೇಕು. ಕಚೇರಿ ಜಾಲ ಮತ್ತು ಕಂಟ್ರೋಲ್ ಜಾಲದ ನಡುವೆ ಒಂದು ಮಧ್ಯವಲಯ ಇರಲಿ, ಅಳತೆಗಳನ್ನು ಕಾಲಾನುಕ್ರಮವಾಗಿ ದಾಖಲಿಸಿಡುವ ಹಿಸ್ಟೋರಿಯನ್‌ನ ಪ್ರತಿ ಅಲ್ಲಿರಲಿ. ವರದಿ ಬೇಕಾದವರು ಆ ಪ್ರತಿಯನ್ನೇ ಓದಿಕೊಂಡರೆ ಕಚೇರಿಯಿಂದ ಯಾವ ಸಂಪರ್ಕವೂ ನೇರವಾಗಿ ಕೆಳಗಿಳಿಯಬೇಕಾಗುವುದಿಲ್ಲ. ಮಾಹಿತಿ ಹೊರಗೆ ಹೋದರೆ ಸಾಕು, ಆದೇಶ ಒಳಗೆ ಬರಬೇಕಾಗಿಯೇ ಇಲ್ಲ ಎನ್ನುವ ಕಡೆ, ಒಂದೇ ದಿಕ್ಕಿಗೆ ಬೆಳಕು ಹಾಯಿಸುವ ಡೇಟಾ ಡಯೋಡ್ ಉತ್ತಮ. ಅದನ್ನು ತಪ್ಪಾಗಿ ಕಾನ್ಫಿಗರ್ ಮಾಡಿ ತೆರೆದಿಡಲು ಬರುವುದಿಲ್ಲ ಎಂಬುದೇ ಅದರ ಗುಣ.

ನೆಟ್‌ವರ್ಕ್ ಸ್ಕ್ಯಾನರ್ ಓಡಿಸಿದರೆ ಪಿಎಲ್‌ಸಿ ಹ್ಯಾಂಗ್ ಆಗುತ್ತದಂತೆ, ನಿಜವೇ?

ಹಳೆಯ ಸಾಧನಗಳ ಮಟ್ಟಿಗೆ ನಿಜ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಪ್ರಕಟಿಸುವ 800-82 ಮಾರ್ಗದರ್ಶಿಯಲ್ಲಿ ಉಲ್ಲೇಖಗೊಂಡ ಪ್ರಕರಣವೊಂದರಲ್ಲಿ, ನೆಟ್‌ವರ್ಕ್‌ನಲ್ಲಿ ಏನೇನಿದೆಯೆಂದು ತಿಳಿಯಲು ಪಿಂಗ್ ಕಳುಹಿಸುತ್ತಿದ್ದಾಗ 9 ಅಡಿ ಉದ್ದದ ರೋಬೋ ತೋಳೊಂದು ಇದ್ದಕ್ಕಿದ್ದಂತೆ 180 ಡಿಗ್ರಿ ತಿರುಗಿಬಿಟ್ಟಿತು. ಅದೃಷ್ಟವಶಾತ್ ಆ ಕೋಣೆಯಲ್ಲಿದ್ದವರು ಅದರ ದಾರಿಯಿಂದ ದೂರವಿದ್ದರು. ಹಾಗಾಗಿ ಓಡುತ್ತಿರುವ ಸ್ಥಾವರದಲ್ಲಿ ನೆಟ್‌ವರ್ಕ್ ಸಂದೇಶಗಳ ನಕಲು ಕೊಡುವ ಸ್ವಿಚ್ಚಿನ ಮಿರರ್ ಪೋರ್ಟಿನಿಂದ ಸಂಚಾರವನ್ನು ಕೇಳಿಸಿಕೊಂಡಷ್ಟೇ ಪಟ್ಟಿ ಮಾಡುವುದು ಸುರಕ್ಷಿತ. ಸಕ್ರಿಯ ಸ್ಕ್ಯಾನ್ ಬೇಕೇ ಬೇಕಾದರೆ ಶಟ್‌ಡೌನ್‌ನಲ್ಲಿ, ಪ್ರಕ್ರಿಯೆ ಬಲ್ಲವರ ಸಮ್ಮುಖದಲ್ಲಿ ಮಾಡಬೇಕು.

ಎಚ್‌ಎಂಐ ಕಂಪ್ಯೂಟರಿಗೆ ಆಂಟಿವೈರಸ್ ಹಾಕಬಹುದೇ?

ತಯಾರಕರು ಒಪ್ಪಿದ್ದರೆ ಹಾಕಬಹುದು. ವರ್ಷಗಟ್ಟಲೆ ಅವವೇ ನಾಲ್ಕು ಪ್ರೋಗ್ರಾಮ್ ಓಡಿಸುವ ಯಂತ್ರಕ್ಕೆ ಅದಕ್ಕಿಂತಲೂ ಹೊಂದುವುದು ಅನುಮತಿ ಪಟ್ಟಿ: ಪಟ್ಟಿಯಲ್ಲಿರುವ ಪ್ರೋಗ್ರಾಮ್ ಮಾತ್ರ ಓಡಲಿ, ಉಳಿದದ್ದು ಬೇಡ.

## ಇನ್ನೂ ಆಳದ ಪ್ರಶ್ನೆಗಳು

ಸೇಫ್ಟಿ ಸಿಸ್ಟಮ್ ಬೇರೆಯೇ ಇದೆಯಲ್ಲ. ಏನೇ ಆದರೂ ಅದು ಟ್ರಿಪ್ ಮಾಡಿ, ಅಂದರೆ ಸ್ಥಾವರವನ್ನು ತಾನಾಗಿ ನಿಲ್ಲಿಸಿ, ಕಾಪಾಡುವುದಿಲ್ಲವೇ?

2017ರವರೆಗೆ ಬಹುಪಾಲು ಇಂಜಿನಿಯರುಗಳು ಹಾಗೆಯೇ ನಂಬಿದ್ದರು. ಆ ವರ್ಷ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಸ್ಥಾವರವೊಂದರಲ್ಲಿ ಟ್ರೈಟಾನ್ ಎಂಬ ತಂತ್ರಾಂಶ ಷ್ನೈಡರ್ ಕಂಪನಿಯ ಟ್ರೈಕಾನೆಕ್ಸ್ ಸುರಕ್ಷತಾ ಕಂಟ್ರೋಲರುಗಳನ್ನೇ ಗುರಿಯಾಗಿಸಿಕೊಂಡಿತು. ಕಂಟ್ರೋಲರಿಗೆ ಹೊಸ ಲಾಜಿಕ್ ಬರೆಯಬೇಕಾದರೆ ಅದರ ಕೀಲಿಯನ್ನು ‘ಪ್ರೋಗ್ರಾಮ್’ ಸ್ಥಾನಕ್ಕೆ ತಿರುಗಿಸಿರಬೇಕು. ಯಾರೋ ಕೆಲಸ ಮುಗಿಸಿದ ಮೇಲೆ ಹಿಂದಕ್ಕೆ ತಿರುಗಿಸಿರಲಿಲ್ಲ, ದಾಳಿಕೋರರಿಗೆ ಅಷ್ಟೇ ಸಾಕಾಯಿತು. ಅವರ ಕೋಡಿನಲ್ಲಿದ್ದ ಎಡವಟ್ಟಿನಿಂದ ಕಂಟ್ರೋಲರುಗಳು ದೋಷ ಗುರುತಿಸಿ ಸ್ಥಾವರವನ್ನು ನಿಲ್ಲಿಸಿದವು. ವಿಷಯ ಹೊರಬಿದ್ದಿದ್ದೇ ಹಾಗೆ.

ಸುರಕ್ಷತಾ ವ್ಯವಸ್ಥೆಯ ನೆಟ್‌ವರ್ಕ್ ಸಾಮಾನ್ಯ ನಿಯಂತ್ರಣ ಜಾಲದಿಂದ ಬೇರೆಯೇ ಇರಲಿ, ಅದರ ಇಂಜಿನಿಯರಿಂಗ್ ವರ್ಕ್‌ಸ್ಟೇಷನ್ ಬೇರಾವ ಕೆಲಸಕ್ಕೂ ಬಳಕೆಯಾಗದಿರಲಿ. ಕೀಲಿಯನ್ನು ‘ರನ್’ಗೆ ತಿರುಗಿಸಿ, ತೆಗೆದು, ಪರ್ಮಿಟ್ ಪುಸ್ತಕದೊಂದಿಗೆ ಇಡಿ, ಸ್ಥಾನ ಬದಲಾದರೆ ಕಂಟ್ರೋಲ್ ರೂಮಿನಲ್ಲಿ ಅಲಾರಂ ಬರುವಂತೆ ಮಾಡಿ. ಇದರ ಜೊತೆಗೆ ರಿಲೀಫ್ ವಾಲ್ವ್, ರಪ್ಚರ್ ಡಿಸ್ಕ್, ಓವರ್‌ಸ್ಪೀಡ್ ಟ್ರಿಪ್‌ನಂಥ ಶುದ್ಧ ಯಾಂತ್ರಿಕ ರಕ್ಷಣೆಗಳನ್ನು ‘ಹಳೆಯದಾಯಿತು’ ಎಂದು ತೆಗೆದುಹಾಕುವ ಮುನ್ನ ಎರಡು ಬಾರಿ ಯೋಚಿಸಬೇಕು. ಸ್ಪ್ರಿಂಗ್‌ಗೆ ನೆಟ್‌ವರ್ಕ್ ವಿಳಾಸವಿಲ್ಲ.

ಪರದೆಯಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿದ್ದರೆ, ದಾಳಿ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ?

ಸ್ಟಕ್ಸ್‌ನೆಟ್ ಮಾಡಿದ್ದೇ ಇದನ್ನು: ಸಹಜ ಸ್ಥಿತಿಯ ಸೆನ್ಸರ್ ಅಳತೆಗಳನ್ನು ಮುಂಚೆಯೇ ದಾಖಲಿಸಿಟ್ಟುಕೊಂಡು, ಯಂತ್ರ ಕೆಡುತ್ತಿರುವಾಗ ಅವನ್ನೇ ಮತ್ತೆ ಮತ್ತೆ ತೋರಿಸಿತು. ಹಾಗಾಗಿ ಪಿಎಲ್‌ಸಿಯ ಮೂಲಕ ಹಾಯದ ಕನಿಷ್ಠ ಒಂದು ಅಳತೆಯಾದರೂ ಮುಖ್ಯ ಯಂತ್ರಗಳಿಗೆ ಇರಬೇಕು: ಸ್ಥಳದಲ್ಲೇ ಓದುವ ಗೇಜ್, ಪ್ರತ್ಯೇಕ ಕಂಪನ ಮಾಪಕ, ವಿದ್ಯುತ್ ಬಳಕೆಯ ಮೀಟರು. ರೌಂಡ್ಸ್ ಹೋಗುವ ಆಪರೇಟರ್ ಗೇಜ್ ಓದಿ ಪರದೆಯ ಅಂಕಿಯೊಂದಿಗೆ ತಾಳೆ ನೋಡುವ ಹಳೆಯ ಅಭ್ಯಾಸ ಯಾವ ದುಬಾರಿ ತಂತ್ರಾಂಶಕ್ಕೂ ಕಡಿಮೆಯಲ್ಲ. ನೆಟ್‌ವರ್ಕ್ ಕಡೆಯಿಂದ ನೋಡುವುದಾದರೆ, ಕಂಟ್ರೋಲ್ ಜಾಲದ ಸಂಚಾರ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ, ಹೊಸ ಯಂತ್ರವೊಂದು ಪಿಎಲ್‌ಸಿಗೆ ಬರೆಯುವ ಆದೇಶ ಕಳುಹಿಸಿದರೆ, ಅಥವಾ ಯಾರಿಗೂ ತಿಳಿಯದೆ ಪ್ರೋಗ್ರಾಮ್ ಡೌನ್‌ಲೋಡ್ ಆದರೆ, ಅದನ್ನು ಗುರುತಿಸುವುದು ಕಚೇರಿ ಜಾಲಕ್ಕಿಂತ ಸುಲಭ.

ಕಚೇರಿಯ ಕಂಪ್ಯೂಟರುಗಳಿಗೆ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಬಂದರೆ ಪ್ಲಾಂಟನ್ನೂ ನಿಲ್ಲಿಸಬೇಕೇ?

ಅದನ್ನು ಆ ರಾತ್ರಿ ನಿರ್ಧರಿಸಲು ಹೊರಟರೆ ನಿಲ್ಲಿಸಲೇಬೇಕಾಗುತ್ತದೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯಲ್ಲಿ ರ‍್ಯಾನ್ಸಮ್‌ವೇರ್ ತಗುಲಿದ್ದು ಕಚೇರಿ ಜಾಲಕ್ಕೆ. ಹರಡೀತೆಂಬ ಆತಂಕದಿಂದ ಕಂಪನಿಯೇ ಪೈಪ್‌ಲೈನ್ ನಿಲ್ಲಿಸಿತು, ಸುಮಾರು 44 ಲಕ್ಷ ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಟ್ಟಿತು. ಎರಡು ಜಾಲಗಳ ನಡುವಿನ ಕೊಂಡಿ ಕಡಿದ ಮೇಲೂ ಎಷ್ಟು ದಿನ ಉತ್ಪಾದನೆ ನಡೆಸಬಹುದು, ಯಾವ ಮಾಹಿತಿ ಇಲ್ಲದೆ ನಡೆಸಲಾಗದು, ಕಡಿಯುವ ಆಜ್ಞೆ ಕೊಡುವ ಅಧಿಕಾರ ಯಾರದು ಎಂಬುದನ್ನು ಮೊದಲೇ ಬರೆದು ಅಭ್ಯಾಸ ಮಾಡಿರಬೇಕು. 2019ರ ಮಾರ್ಚ್‌ನಲ್ಲಿ ಇಂಥದೇ ದಾಳಿಗೆ ಸಿಕ್ಕ ನಾರ್ವೆಯ ನಾರ್ಸ್ಕ್ ಹೈಡ್ರೊ ಕಂಪನಿ ಹಣ ಕೊಡಲಿಲ್ಲ. ಕೈಯಿಂದ ನಡೆಸುವುದು ತಿಳಿದವರಿದ್ದ ಘಟಕಗಳು ಕಾಗದ ಹಿಡಿದು ಕೆಲಸ ಮುಂದುವರಿಸಿದವು.

ಐಇಸಿ 62443 ಪ್ರಮಾಣಪತ್ರ ಇರುವ ಉಪಕರಣವನ್ನೇ ಕೊಂಡರೆ ನಾವು ಸುರಕ್ಷಿತರೇ?

ಈ ಮಾನದಂಡ ಒಂದೇ ಪುಸ್ತಕವಲ್ಲ, ಭಾಗಗಳ ಸರಣಿ. 4-1 ತಯಾರಕರು ಅಭಿವೃದ್ಧಿಪಡಿಸುವ ಕ್ರಮದ ಬಗ್ಗೆ, 4-2 ಬಿಡಿ ಸಾಧನದ ಸಾಮರ್ಥ್ಯದ ಬಗ್ಗೆ, 3-3 ಇಡೀ ವ್ಯವಸ್ಥೆಯ ಬಗ್ಗೆ, 2-1 ಸ್ಥಾವರ ನಡೆಸುವವರ ಹೊಣೆಯ ಬಗ್ಗೆ ಹೇಳುತ್ತವೆ. ಪ್ರಮಾಣಪತ್ರ ಯಾವ ಭಾಗದ್ದು, ಒಂದರಿಂದ ನಾಲ್ಕರವರೆಗಿನ ಭದ್ರತಾ ಮಟ್ಟಗಳಲ್ಲಿ ಯಾವುದಕ್ಕೆ ಎಂದು ಟೆಂಡರಿನಲ್ಲೇ ಕೇಳಿ. ಸಾಧನದಲ್ಲಿ ದೃಢೀಕರಣದ ಸೌಲಭ್ಯ ಇದ್ದು, ಕಮಿಷನಿಂಗ್ ವೇಳೆ ಬೇಗ ಮುಗಿಯಲೆಂದು ಅದನ್ನು ಆಫ್ ಮಾಡಿಟ್ಟಿದ್ದರೆ ಪ್ರಮಾಣಪತ್ರ ಗೋಡೆಗಷ್ಟೇ ಚಂದ.

ಪ್ರೋಟೋಕಾಲ್‌ಗಳಿಗೇ ಎನ್‌ಕ್ರಿಪ್ಷನ್ ಸೇರಿಸಿಬಿಟ್ಟರೆ ಈ ತಾಪತ್ರಯವೆಲ್ಲ ತೀರುವುದಿಲ್ಲವೇ?

ಒಂದು ಭಾಗ ತೀರುತ್ತದೆ. 802ನೇ ಪೋರ್ಟಿನಲ್ಲಿ ಎನ್‌ಕ್ರಿಪ್ಷನ್ ಕ್ರಮವಾದ ಟಿಎಲ್‌ಎಸ್ ಬಳಸುವ ಮಾಡ್‌ಬಸ್, ಡಿಎನ್‌ಪಿ3ರ ಸುರಕ್ಷಿತ ದೃಢೀಕರಣ, ಡಿಜಿಟಲ್ ಪ್ರಮಾಣಪತ್ರ ಆಧಾರಿತ ಒಪಿಸಿ ಯುಎ (ಈ ಕೊನೆಯ ಎರಡೂ ಮಾಡ್‌ಬಸ್‌ನಂಥ ಪ್ರೋಟೋಕಾಲ್‌ಗಳೇ) ಈಗ ಲಭ್ಯವಿವೆ. ಹೊಸ ಯೋಜನೆಗಳಲ್ಲಿ ಇವನ್ನು ಕೇಳದಿರಲು ಕಾರಣವಿಲ್ಲ. ಹೆಚ್ಚಿನ ಕಡೆ ಬೇಕಾಗಿರುವುದು ಗೌಪ್ಯತೆಗಿಂತ ದೃಢೀಕರಣ: ಟ್ಯಾಂಕಿನ ಮಟ್ಟ ಯಾರಿಗೋ ತಿಳಿದರೆ ಆಗುವ ನಷ್ಟ ಕಡಿಮೆ, ಪಂಪು ನಿಲ್ಲಿಸುವ ಆದೇಶ ಯಾರಿಂದ ಬಂತೆಂದು ತಿಳಿಯದಿದ್ದರೆ ಆಗುವ ನಷ್ಟ ದೊಡ್ಡದು. ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿದರೆ ಸಂಚಾರವನ್ನು ಕೇಳಿಸಿಕೊಂಡು ಅಸಹಜವಾದುದನ್ನು ಹಿಡಿಯುವ ನಿಗಾ ಸಾಧನಗಳೂ ಕುರುಡಾಗುತ್ತವೆ. ಸಬ್‌ಸ್ಟೇಷನ್‌ಗಳಲ್ಲಿ ಬ್ರೇಕರ್ ತೆರೆಯಿಸುವ ಗೂಸ್ ಎಂಬ ಬಗೆಯ ಟ್ರಿಪ್ ಸಂದೇಶ ಕೆಲವೇ ಮಿಲಿಸೆಕೆಂಡುಗಳಲ್ಲಿ ತಲುಪಬೇಕಾದುದರಿಂದ ಭಾರವಾದ ಡಿಜಿಟಲ್ ಸಹಿ ಅಲ್ಲಿ ಹೊಂದುವುದಿಲ್ಲ. ಹಗುರವಾದ ಹಂಚಿಕೆಯ ಕೀಲಿಯ ವಿಧಾನವೇ ಬೇಕು. ಕೀಲಿ, ಪ್ರಮಾಣಪತ್ರಗಳ ಅವಧಿ ಮುಗಿಯುವುದನ್ನು ಗಮನಿಸುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸದಿದ್ದರೆ, ನಡುರಾತ್ರಿ ಅವಧಿ ಮುಗಿದ ಪ್ರಮಾಣಪತ್ರವೇ ಸಂವಹನ ನಿಲ್ಲಿಸೀತು. ಮೊದಲಿಗೇ ಹೇಳಿದ ಇಂಜಿನಿಯರಿಂಗ್ ವರ್ಕ್‌ಸ್ಟೇಷನ್ ದಾಳಿಕೋರನ ಕೈಯಲ್ಲಿದ್ದರಂತೂ ಅವನು ಕಳುಹಿಸುವ ಕೆಟ್ಟ ಆದೇಶವೂ ಸರಿಯಾದ ಸಹಿಯೊಂದಿಗೇ ಹೋಗುತ್ತದೆ, ಕಂಟ್ರೋಲರು ಅದನ್ನು ಒಪ್ಪಿಕೊಳ್ಳುತ್ತದೆ.